ಮುಪ್ಪಾದ ಕಾವಲು ನಾಯಿ: ಅದರ ಕಷ್ಟವನ್ನು ಅರಿಯುವುದು ಹೇಗೆ?

ಕಳೆದ ವರ್ಷ ಮಳೆಗಾಲಕ್ಕೆ ಸ್ವಲ್ಪ ಮೊದಲು ಅಡಿಕೆ ತೋಟದ ಹಿರಿಯರೊಬ್ಬರು ಮಂಡಿನೋವೆಂದು ನನ್ನ ದವಾಖಾನೆಗೆ ಬಂದಿದ್ದರು. ನಾಡಿ ನೋಡಿ, ಹಚ್ಚಲು ಎಣ್ಣೆ ಮತ್ತು ನುಂಗಲು ಮಾತ್ರೆ ಕೊಟ್ಟೆ. ಎದ್ದು ಹೊರಟವರು ಬಾಗಿಲ ಬಳಿ ನಿಂತು ಸಂಕೋಚದಿಂದ ಕೇಳಿದರು: "ಹಕೀಮ್ ಸಾಹೇಬ್ರೇ, ಇದೇ ಮಾತ್ರೇನ ಅರ್ಧ ಮಾಡಿ ನಮ್ಮ ಶೇರೂಗೂ ಕೊಡಬಹುದಾ?"

ಶೇರೂ ಅವರ ತೋಟದ ನಾಯಿ. ವಯಸ್ಸು 13. ಕಾಡುಹಂದಿ, ಮಂಗ, ಕಳ್ಳರು ಎಲ್ಲರಿಂದಲೂ ಅಷ್ಟು ವರ್ಷ ತೋಟ ಕಾಯ್ದ ನಾಟಿ ನಾಯಿ. ಈಗ ಹಿಂಗಾಲು ಎತ್ತಲಾಗದೆ ಕೊಟ್ಟಿಗೆಯ ಮೂಲೆಯಲ್ಲಿ ಮಲಗಿರುತ್ತದೆ. ಮಕ್ಕಳು, "ರಾತ್ರಿ ಜೀಪಿನಲ್ಲಿ ಹಾಕಿಕೊಂಡು ಹೋಗಿ ಘಾಟಿಯ ಆಚೆ ಬಿಟ್ಟು ಬರೋಣ" ಎನ್ನುತ್ತಿದ್ದಾರೆ. ಮೊಮ್ಮಗಳು ಎರಡು ದಿನದಿಂದ ಊಟ ಬಿಟ್ಟಿದ್ದಾಳೆ. ಹಿರಿಯರಿಗೆ ಏನು ಮಾಡಬೇಕೆಂದು ತೋಚುತ್ತಿಲ್ಲ.

ಆ ಮಾತ್ರೆಯನ್ನು ನಾಯಿಗೆ ಖಂಡಿತ ಕೊಡಬಾರದು ಎಂದು ಹೇಳಿದೆ. ಏಕೆ ಎಂಬುದನ್ನು ಮುಂದೆ ತಿಳಿಸುತ್ತೇನೆ. ನಾನು ಮನುಷ್ಯರ ವೈದ್ಯ, ಪಶುವೈದ್ಯನಲ್ಲ. ಆದರೂ ತೋಟ, ಗದ್ದೆ, ದನಕರು ಇರುವ ನಮ್ಮ ಅನೇಕ ಮನೆಗಳಲ್ಲಿ ಈ ಪ್ರಶ್ನೆ ಒಂದಲ್ಲ ಒಂದು ದಿನ ಎದುರಾಗುತ್ತದೆ. ಪ್ರಾಯದಲ್ಲಿದ್ದಾಗ ದುಡಿಸಿಕೊಂಡ ಮೂಕಪ್ರಾಣಿ ಮುಪ್ಪಾದಾಗ, ಕಾಯಿಲೆ ಬಿದ್ದಾಗ, ಅದು ಎಷ್ಟು ಕಷ್ಟಪಡುತ್ತಿದೆ ಎಂದು ತಿಳಿಯುವುದು ಹೇಗೆ? ಯಾವಾಗ ಆರೈಕೆ ಸಾಕು, ಯಾವಾಗ ಬೇರೆ ದಾರಿ ಯೋಚಿಸಬೇಕು? ಈ ತಿಂಗಳ ಪಾಠ ಇದು.

ನಮ್ಮ ಹೊಣೆ ಏನು?

ನಾಯಿಯ ಮಾತೆತ್ತಿದರೆ ನಮ್ಮಲ್ಲಿ ಹಲವರಿಗೆ ನಜಸ್ ಒಂದೇ ನೆನಪಾಗುತ್ತದೆ. ಶುಚಿತ್ವದ ನಿಯಮಗಳು ಇರುವುದು ನಿಜ, ಅವನ್ನು ಪಾಲಿಸಲೇಬೇಕು. ಆದರೆ ಬೇಟೆ, ಜಾನುವಾರು ಮತ್ತು ಬೆಳೆಯ ಕಾವಲಿಗಾಗಿ ನಾಯಿ ಸಾಕಲು ಪ್ರವಾದಿವರ್ಯರು(ಸ) ಅನುಮತಿ ನೀಡಿದ್ದಾರೆ ಎಂಬುದೂ ಅಷ್ಟೇ ನಿಜ. ಗುಹೆಯಲ್ಲಿ ಆಶ್ರಯ ಪಡೆದ ವಿಶ್ವಾಸಿ ಯುವಕರ ಜೊತೆಗೆ ಹೊಸ್ತಿಲಲ್ಲಿ ಮುಂಗಾಲು ಚಾಚಿ ಮಲಗಿದ್ದ ಅವರ ನಾಯಿಯನ್ನೂ ಕುರ್‌ಆನ್ ಸೂರಃ ಅಲ್ ಕಹ್ಫ್‌ನಲ್ಲಿ ಪ್ರಸ್ತಾಪಿಸಿದೆ.

ಬಾಯಾರಿ ಒದ್ದೆ ಮಣ್ಣು ನೆಕ್ಕುತ್ತಿದ್ದ ನಾಯಿಗಾಗಿ ಬಾವಿಗಿಳಿದು, ತನ್ನ ಪಾದರಕ್ಷೆಯಲ್ಲಿ ನೀರು ತುಂಬಿ, ಅದನ್ನು ಬಾಯಲ್ಲಿ ಕಚ್ಚಿಕೊಂಡು ಮೇಲೆ ಬಂದು ಕುಡಿಸಿದ ಮನುಷ್ಯನನ್ನು ಅಲ್ಲಾಹನು ಕ್ಷಮಿಸಿದನೆಂದು ಬುಖಾರಿ ಮತ್ತು ಮುಸ್ಲಿಮ್ ಹದೀಸ್ ಗ್ರಂಥಗಳಲ್ಲಿದೆ. ಬೆಕ್ಕನ್ನು ಕಟ್ಟಿಹಾಕಿ ಉಪವಾಸ ಕೆಡವಿದ ಹೆಣ್ಣು ಅದೇ ಕಾರಣಕ್ಕೆ ಶಿಕ್ಷೆಗೆ ಗುರಿಯಾದಳೆಂದೂ ಇದೆ. ಒಬ್ಬ ಅನ್ಸಾರಿಯ ತೋಟದಲ್ಲಿ ಕಣ್ಣೀರು ಸುರಿಸುತ್ತಿದ್ದ ಒಂಟೆಯನ್ನು ಪ್ರವಾದಿವರ್ಯರು(ಸ) ಸವರಿ ಸಮಾಧಾನಪಡಿಸಿ, ಅದನ್ನು ಹಸಿವಿನಲ್ಲಿಟ್ಟು ದಣಿಸುತ್ತಿದ್ದ ಒಡೆಯನಿಗೆ ಅಲ್ಲಾಹನ ಭಯವನ್ನು ನೆನಪಿಸಿದರೆಂದು ಅಬೂದಾವೂದ್ ವರದಿ ಮಾಡಿದ್ದಾರೆ.

ಹೀಗಿರುವಾಗ ಕೆಲಸಕ್ಕೆ ಬಾರದ ನಾಯಿಯನ್ನು ಸಂತೆಯಲ್ಲೋ ಘಾಟಿಯಲ್ಲೋ ಬಿಟ್ಟು ಬರುವುದು ಯಾವ ನ್ಯಾಯ? ಮುದಿ ನಾಯಿಗೆ ಹೊಸ ಜಾಗದಲ್ಲಿ ಆಹಾರ ಹುಡುಕಲು ಬರುವುದಿಲ್ಲ. ಬೇರೆ ನಾಯಿಗಳು ಕಚ್ಚುತ್ತವೆ, ವಾಹನ ಹರಿಯುತ್ತದೆ, ಇಲ್ಲವೇ ಹಸಿದು ಸಾಯುತ್ತದೆ. ನಮ್ಮ ಕಣ್ಣಿಗೆ ಕಾಣದಿದ್ದ ಮಾತ್ರಕ್ಕೆ ಅದರ ಕಷ್ಟ ಕಡಿಮೆಯಾಗುವುದಿಲ್ಲ. ದೇಶದ ಕಾನೂನೂ ಇದನ್ನು ಒಪ್ಪುವುದಿಲ್ಲ. ಹಸಿವು, ಬಾಯಾರಿಕೆಯಿಂದ ನರಳುವಂತೆ ಪ್ರಾಣಿಯನ್ನು ತೊರೆಯುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಡಿ ಅಪರಾಧ.

ಎಲ್ಲವೂ ಮುಪ್ಪಲ್ಲ

"ವಯಸ್ಸಾಯ್ತು, ಇನ್ನೇನು ಮಾಡೋಕಾಗುತ್ತೆ" ಎಂಬ ಮಾತು ಮನುಷ್ಯರ ವಿಷಯದಲ್ಲೂ ಎಷ್ಟೋ ಸಲ ತಪ್ಪು. ನಾಯಿಯ ವಿಷಯದಲ್ಲಿ ಇನ್ನೂ ಹೆಚ್ಚು ತಪ್ಪು. ಮುಪ್ಪಿನಂತೆ ಕಾಣುವ ಅನೇಕ ತೊಂದರೆಗಳು ವಾಸ್ತವದಲ್ಲಿ ಚಿಕಿತ್ಸೆಯಿರುವ ಕಾಯಿಲೆಗಳು. ಊಟ ಬಿಟ್ಟ ನಾಯಿಗೆ ಹುಳುಕು ಹಲ್ಲು ಇರಬಹುದು. ಸೋತು ಮಲಗಿದ ನಾಯಿಗೆ ಉಣ್ಣೆಯಿಂದ ಬರುವ ಜ್ವರ ಇರಬಹುದು. ತಲೆ ವಾಲಿಸಿಕೊಂಡು ತೂರಾಡುವ ನಾಯಿಗೆ ಕಿವಿಯೊಳಗೆ ಕೀವಾಗಿರಬಹುದು. ಬೆದೆ ಮುಗಿದ ಕೆಲವು ವಾರಗಳಲ್ಲಿ ಹೆಣ್ಣು ನಾಯಿ ವಿಪರೀತ ನೀರು ಕುಡಿಯುತ್ತಾ ಮಂಕಾದರೆ ಗರ್ಭಕೋಶದಲ್ಲಿ ಕೀವು ತುಂಬಿರಬಹುದು. ಇದು ತುರ್ತಾಗಿ ಶಸ್ತ್ರಚಿಕಿತ್ಸೆ ಬೇಕಾಗುವ ಸ್ಥಿತಿ.

ಆದ್ದರಿಂದ ಮೊದಲ ಹೆಜ್ಜೆ ಪಶು ಆಸ್ಪತ್ರೆ. ಕಾಯಿಲೆ ಯಾವುದು, ವಾಸಿಯಾಗುವುದೇ, ವಾಸಿಯಾಗದಿದ್ದರೆ ನೋವನ್ನಾದರೂ ತಗ್ಗಿಸಬಹುದೇ ಎಂಬ ಮೂರು ಪ್ರಶ್ನೆಗಳನ್ನು ಪಶುವೈದ್ಯರಲ್ಲಿ ಕೇಳಿ. ಶೇರೂವನ್ನು ತೋರಿಸಿದಾಗ ಅದಕ್ಕೆ ಸೊಂಟದ ಕೀಲುಸವೆತದ ಜೊತೆಗೆ ಒಂದು ಕೊಳೆತ ಹಲ್ಲು ಮತ್ತು ಉಣ್ಣೆ ಜ್ವರ ಇದ್ದದ್ದು ತಿಳಿಯಿತು. ಮೂರರಲ್ಲಿ ಎರಡಕ್ಕೆ ಪೂರ್ತಿ ಚಿಕಿತ್ಸೆ ಇತ್ತು.

ಅಳೆಯುವ ಏಳು ಪ್ರಶ್ನೆಗಳು

ಯೂನಾನಿ ವೈದ್ಯ ಪದ್ಧತಿಯಲ್ಲಿ ಆರೋಗ್ಯಕ್ಕೆ ಆರು ಅನಿವಾರ್ಯ ಆಧಾರಗಳನ್ನು ಹೇಳುತ್ತೇವೆ. ಅಸ್ಬಾಬೆ ಸಿತ್ತಾ ಝರೂರಿಯ್ಯಾ ಎಂದು ಇದರ ಹೆಸರು. ಗಾಳಿ, ಅನ್ನಪಾನ, ದೇಹದ ಚಲನೆ ಮತ್ತು ವಿಶ್ರಾಂತಿ, ಮನಸ್ಸಿನ ಚಲನೆ ಮತ್ತು ವಿಶ್ರಾಂತಿ, ನಿದ್ರೆ ಮತ್ತು ಎಚ್ಚರ, ಮಲಮೂತ್ರ ಮುಂತಾದವುಗಳ ವಿಸರ್ಜನೆ ಮತ್ತು ಧಾರಣೆ. ಇವು ಸರಿಯಿದ್ದರೆ ಜೀವ ನೆಮ್ಮದಿಯಿಂದಿರುತ್ತದೆ.

ಅಮೆರಿಕದ ಪಶು ಕ್ಯಾನ್ಸರ್ ತಜ್ಞೆ ಆಲಿಸ್ ವಿಲ್ಲಾಲೋಬೋಸ್ ಅವರು ಕೊನೆಗಾಲದ ಸಾಕುಪ್ರಾಣಿಗಳಿಗಾಗಿ 2004ರಲ್ಲಿ ಒಂದು ಅಳತೆಗೋಲು ರೂಪಿಸಿದರು. ಅದರಲ್ಲಿ ಏಳು ವಿಷಯಗಳಿವೆ. ಓದಿದಾಗ ನಮ್ಮ ಆರು ಆಧಾರಗಳಿಗೆ ಅದು ಬಹಳ ಹತ್ತಿರವೆನಿಸಿತು. ಪ್ರತಿಯೊಂದು ವಿಷಯಕ್ಕೂ 0ಯಿಂದ 10ರವರೆಗೆ ಅಂಕ ಕೊಡಬೇಕು. ತೀರಾ ಕೆಟ್ಟ ಸ್ಥಿತಿಗೆ 0, ಚೆನ್ನಾಗಿದ್ದರೆ 10. ಒಟ್ಟು 70. ಮೊತ್ತ 35ಕ್ಕಿಂತ ಹೆಚ್ಚಿದ್ದರೆ ಪ್ರಾಣಿಯ ಬದುಕು ಸಹನೀಯವಾಗಿದೆ, ಆರೈಕೆ ಮುಂದುವರಿಸಬಹುದು ಎಂದು ತಿಳಿಯಬೇಕು. ಪ್ರತಿಯೊಂದನ್ನೂ ನೋಡುವ ಬಗೆ ಹೀಗಿದೆ.

1. ನೋವು ಮತ್ತು ಉಸಿರಾಟ

ಇದೇ ಮುಖ್ಯವಾದದ್ದು. ನಾಯಿ ಕೂಗುತ್ತಿಲ್ಲ ಎಂದರೆ ಅದಕ್ಕೆ ನೋವಿಲ್ಲ ಎಂದಲ್ಲ. ಬಹಳ ದಿನದ ನೋವನ್ನು ನಾಯಿ ಮೌನವಾಗಿ ನುಂಗುತ್ತದೆ. ಒಂದೇ ಕೀಲನ್ನು ನೆಕ್ಕುತ್ತಿರುವುದು, ಮಲಗಲು ಹೋಗಿ ಮತ್ತೆ ಮತ್ತೆ ಏಳುವುದು, ಬೆನ್ನು ಗೂನು ಮಾಡಿ ನಿಲ್ಲುವುದು, ನಡುಗುವುದು, ಕತ್ತಲ ಮೂಲೆಗೆ ಸರಿಯುವುದು, ಮುಟ್ಟಿದರೆ ಮನೆಯವರನ್ನೇ ಗುರ್ ಎನ್ನುವುದು ನೋವಿನ ಗುರುತುಗಳು.

ಉಸಿರನ್ನು ನಿದ್ರೆಯಲ್ಲಿ ಎಣಿಸಿ. ಎದೆ ಏರಿ ಇಳಿದರೆ ಒಂದು ಉಸಿರು. ನೆಮ್ಮದಿಯಿಂದ ನಿದ್ರಿಸುವ ನಾಯಿಯದು ನಿಮಿಷಕ್ಕೆ 30ಕ್ಕಿಂತ ಕಡಿಮೆಯಿರಬೇಕು. ತಂಪು ರಾತ್ರಿಯಲ್ಲಿ ಸುಮ್ಮನೆ ಮಲಗಿದ್ದರೂ ತೇಕುತ್ತಿದ್ದರೆ, ಒಸಡು ಬಿಳಚಿಕೊಂಡಿದ್ದರೆ ಅಥವಾ ನೀಲಿಯಾಗಿದ್ದರೆ ಅಂಕ ಹಾಕುತ್ತಾ ಕೂರಬೇಡಿ, ಕೂಡಲೇ ಪಶುವೈದ್ಯರಿಗೆ ತೋರಿಸಿ.

2. ಹಸಿವು

ತಾನಾಗಿ ತಟ್ಟೆಯ ಬಳಿ ಬರುತ್ತದೆಯೇ, ಕೈಯಿಂದ ತಿನ್ನಿಸಬೇಕೇ, ಇಷ್ಟದ ಮಾಂಸವನ್ನೂ ಮೂಸಿ ತಿರುಗಿಬಿಡುತ್ತದೆಯೇ ನೋಡಿ. ತಿಂಗಳಿಗೊಮ್ಮೆ ತೂಕ ಮಾಡಿ. ನಾಯಿಯನ್ನು ಎತ್ತಿಕೊಂಡು ತಕ್ಕಡಿಯ ಮೇಲೆ ನಿಂತು, ಬಳಿಕ ನಿಮ್ಮ ತೂಕವನ್ನು ಕಳೆದರಾಯಿತು. 20 ಕಿಲೋ ಇದ್ದ ನಾಯಿ 18ಕ್ಕೆ ಇಳಿದರೆ ಅದು ಸಣ್ಣ ವಿಷಯವಲ್ಲ, ಹತ್ತರಲ್ಲಿ ಒಂದು ಪಾಲು ದೇಹ ಕರಗಿದಂತೆ.

3. ನೀರು

ಭುಜದ ನಡುವಿನ ಚರ್ಮವನ್ನು ಮೆಲ್ಲಗೆ ಎತ್ತಿ ಬಿಡಿ. ಕೂಡಲೇ ಮೊದಲಿನಂತಾದರೆ ಸರಿ, ನಿಧಾನವಾಗಿ ಇಳಿದರೆ ದೇಹದಲ್ಲಿ ನೀರು ಕಡಿಮೆಯಾಗಿರಬಹುದು. ಮುದಿ ನಾಯಿಗಳ ಚರ್ಮ ಮೊದಲೇ ಸಡಿಲವಾಗಿರುವುದರಿಂದ ಒಸಡನ್ನೂ ನೋಡಿ. ಅದು ಒದ್ದೆಯಾಗಿ ನುಣುಪಾಗಿರಬೇಕು, ಒಣಗಿ ಅಂಟಂಟಾಗಿರಬಾರದು. ಅತಿಯಾಗಿ ಕುಡಿಯುವುದೂ ಕಾಯಿಲೆಯ ಗುರುತೇ. ದಿನಕ್ಕೆ ಕಿಲೋ ತೂಕಕ್ಕೆ 100 ಮಿಲಿಲೀಟರಿಗಿಂತ ಹೆಚ್ಚು, ಅಂದರೆ 18 ಕಿಲೋದ ನಾಯಿ ಸುಮಾರು ಎರಡು ಲೀಟರ್ ಕುಡಿಯುತ್ತಿದ್ದರೆ, ಮೂತ್ರಪಿಂಡ ಅಥವಾ ಸಕ್ಕರೆ ಕಾಯಿಲೆಯ ಪರೀಕ್ಷೆ ಮಾಡಿಸಬೇಕು.

4. ಮೈ ಶುಚಿ

ಆರೋಗ್ಯವಿರುವ ನಾಯಿ ಮಲಗುವ ಜಾಗದಲ್ಲಿ ಮಲಮೂತ್ರ ಮಾಡಲು ಇಷ್ಟಪಡುವುದಿಲ್ಲ. ತನ್ನ ಹೊಲಸಿನಲ್ಲಿ ತಾನೇ ಬಿದ್ದಿರುವುದು ಅದಕ್ಕೂ ಸಂಕಟವೇ. ಮೈ ಒಣಗಿದೆಯೇ, ಮೊಣಕೈ ಮತ್ತು ಸೊಂಟದ ಎಲುಬಿನ ಮೇಲೆ ಹುಣ್ಣಾಗಿದೆಯೇ, ಬಾಲದ ಕೆಳಗೆ ನೊಣ ಕೂರುತ್ತಿದೆಯೇ ದಿನವೂ ನೋಡಿ. ಮಳೆಗಾಲದಲ್ಲಿ ಒಂದು ಸಣ್ಣ ಗಾಯಕ್ಕೆ ಎರಡೇ ದಿನದಲ್ಲಿ ಹುಳ ಬೀಳಬಹುದು.

5. ಉಲ್ಲಾಸ

ಮನೆಯವರ ದನಿ ಕೇಳಿ ಕಿವಿ ನಿಮಿರಿಸುತ್ತದೆಯೇ? ಬಾಲ ಆಡಿಸುತ್ತದೆಯೇ? ಗೇಟಿನ ಸದ್ದಿಗೆ ತಲೆಯಾದರೂ ಎತ್ತುತ್ತದೆಯೇ? ಕೆಲವು ಮುದಿ ನಾಯಿಗಳಿಗೆ ಮರೆವಿನ ಕಾಯಿಲೆ ಬರುತ್ತದೆ. ಹಗಲು ನಿದ್ರೆ, ರಾತ್ರಿ ಅಲೆದಾಟ, ಗೋಡೆಯ ಮೂಲೆಯಲ್ಲಿ ಸಿಕ್ಕಿಹಾಕಿಕೊಂಡಂತೆ ನಿಲ್ಲುವುದು, ಪರಿಚಯದವರನ್ನೇ ಗುರುತಿಸದಿರುವುದು ಇದರ ಲಕ್ಷಣ. ನಿಮ್ಮ ನಾಯಿ ತನ್ನ ಒಳ್ಳೆಯ ಕಾಲದಲ್ಲಿ ಬಹಳ ಇಷ್ಟಪಡುತ್ತಿದ್ದ ಮೂರು ಸಂಗತಿಗಳನ್ನು ಬರೆದಿಡಿ. ಅವುಗಳಲ್ಲಿ ಈಗ ಎಷ್ಟು ಉಳಿದಿವೆ ಎಂದು ನೋಡಿದರೆ ಅಂಕ ಕೊಡುವುದು ಸುಲಭ.

6. ನಡಿಗೆ

ತಾನಾಗಿ ಏಳುತ್ತದೆಯೇ, ಹೊಟ್ಟೆಯ ಕೆಳಗೆ ಬಟ್ಟೆ ಹಾಕಿ ಎತ್ತಬೇಕೇ, ಎತ್ತಿದರೂ ಕುಸಿಯುತ್ತದೆಯೇ? ನಡಿಗೆಗೆ ಕಡಿಮೆ ಅಂಕ ಬಂದ ಮಾತ್ರಕ್ಕೆ ನಿರಾಶರಾಗಬೇಡಿ. ನೋವಿಲ್ಲದೆ, ಉಣ್ಣುತ್ತಾ, ಮನೆಯವರ ಆಸರೆಯಿಂದ ಶುಚಿಯಾಗಿರುವ ಕುಂಟ ನಾಯಿ ಸಂತೋಷವಾಗಿಯೇ ಇರಬಲ್ಲದು.

7. ಒಳ್ಳೆಯ ದಿನ, ಕೆಟ್ಟ ದಿನ

ಗೋಡೆಯ ಕ್ಯಾಲೆಂಡರಿನಲ್ಲಿ ಪ್ರತಿ ರಾತ್ರಿ ಗುರುತು ಹಾಕಿ. ಉಂಡು, ಬಾಲ ಆಡಿಸಿ, ನಿದ್ರಿಸಿದ ದಿನಕ್ಕೆ ಸರಿ ಗುರುತು. ವಾಂತಿ, ನರಳಾಟ, ಉಪವಾಸದ ದಿನಕ್ಕೆ ತಪ್ಪು ಗುರುತು. ನಮ್ಮ ನೆನಪು ಮೋಸ ಮಾಡುತ್ತದೆ. ಇವತ್ತು ಸ್ವಲ್ಪ ತಿಂದರೆ ಹಿಂದಿನ ಐದು ದಿನದ ಉಪವಾಸ ಮರೆತುಹೋಗುತ್ತದೆ. ಕ್ಯಾಲೆಂಡರ್ ಮರೆಯುವುದಿಲ್ಲ.

ಅಂಕ ಹಾಕುವಾಗ

ಒಬ್ಬರೇ ಕೂತು ಅಂಕ ಹಾಕಬೇಡಿ. ಮನೆಯ ಇಬ್ಬರು ಮೂವರು ಒಬ್ಬರದನ್ನೊಬ್ಬರು ನೋಡದೆ ಬರೆದು, ಆಮೇಲೆ ಹೋಲಿಸಿ. ಪ್ರೀತಿ ಹೆಚ್ಚಿರುವವರು ಅಂಕ ಹೆಚ್ಚು ಕೊಡುತ್ತಾರೆ, ಆರೈಕೆ ಮಾಡಿ ದಣಿದವರು ಕಡಿಮೆ ಕೊಡುತ್ತಾರೆ. ಎರಡರಲ್ಲೂ ತಪ್ಪಿಲ್ಲ, ಆದರೆ ಸತ್ಯ ನಡುವೆ ಇರುತ್ತದೆ. ವಾರಕ್ಕೊಮ್ಮೆ, ಒಂದೇ ವಾರ, ಒಂದೇ ಹೊತ್ತಿನಲ್ಲಿ ಬರೆಯಿರಿ. ಜುಮಾ ದಿನ ಅಸರ್ ಬಳಿಕ ಎಂದಿಟ್ಟುಕೊಂಡರೆ ಮರೆಯುವುದಿಲ್ಲ.

ಒಂದು ದಿನದ ಮೊತ್ತಕ್ಕಿಂತ ಅದು ಏರುತ್ತಿದೆಯೋ ಇಳಿಯುತ್ತಿದೆಯೋ ಎಂಬುದು ಮುಖ್ಯ. ಇನ್ನೊಂದು ಎಚ್ಚರಿಕೆ: ಮೊತ್ತ 40 ಇದ್ದರೂ ನೋವು ಮತ್ತು ಉಸಿರಾಟದ ಅಂಕ 1 ಅಥವಾ 2 ಇದ್ದರೆ ಸಮಾಧಾನಪಟ್ಟುಕೊಳ್ಳಬೇಡಿ. ಉಳಿದದ್ದೆಲ್ಲ ಚೆನ್ನಾಗಿರುವುದು ಉಸಿರುಗಟ್ಟುವ ಸಂಕಟವನ್ನು ಸರಿದೂಗಿಸುವುದಿಲ್ಲ.

ಶೇರೂಗೆ ಮೊದಲ ವಾರ ಹಿರಿಯರ ಮೊಮ್ಮಗಳು ನೋಟುಪುಸ್ತಕದಲ್ಲಿ ಬರೆದ ಲೆಕ್ಕ ಹೀಗಿತ್ತು: ನೋವು 3, ಹಸಿವು 6, ನೀರು 7, ಶುಚಿ 5, ಉಲ್ಲಾಸ 5, ನಡಿಗೆ 2, ದಿನಗಳು 4. ಒಟ್ಟು 32. ಹಲ್ಲು ಕಿತ್ತು, ಜ್ವರಕ್ಕೆ ಚಿಕಿತ್ಸೆ ಕೊಟ್ಟು, ಕೀಲುನೋವಿಗೆ ಪಶುವೈದ್ಯರು ಕೊಟ್ಟ ಔಷಧಿ ಶುರುವಾದ ಒಂದು ತಿಂಗಳಿಗೆ ಅದೇ ಲೆಕ್ಕ 6, 8, 8, 7, 7, 4, 7 ಆಗಿ ಒಟ್ಟು 47ಕ್ಕೆ ಏರಿತು. ಘಾಟಿಯ ಆಚೆ ಬಿಡಬೇಕೆಂದಿದ್ದ ನಾಯಿ ಆ ಮಳೆಗಾಲವಿಡೀ ಜಗಲಿಯ ಪಕ್ಕದಲ್ಲಿ ಮಲಗಿ, ಬಂದವರನ್ನು ಮಲಗಿದಲ್ಲಿಂದಲೇ ಬೊಗಳುತ್ತಿತ್ತು.

ಮನೆಯಲ್ಲಿ ಮಾಡಬಹುದಾದ ಆರೈಕೆ

ಮಲಗುವ ಜಾಗ ಒಣಗಿರಲಿ. ನೆಲದ ತಂಡಿ ತಾಗದಂತೆ ಹುಲ್ಲು ಹರಡಿ ಮೇಲೆ ಎರಡು ಮೂರು ಗೋಣಿಚೀಲ ಹಾಸಿ, ಒದ್ದೆಯಾದದ್ದನ್ನು ಆಗಾಗ ಬದಲಿಸಿ. ನುಣುಪು ನೆಲದಲ್ಲಿ ಕಾಲು ಜಾರುತ್ತದೆ, ನಡೆಯುವ ದಾರಿಗೆ ನಾರಿನ ಚಾಪೆ ಅಥವಾ ಗೋಣಿ ಹಾಸಿ. ಏಳಲಾಗದ ನಾಯಿಯನ್ನು ಮೂರು ನಾಲ್ಕು ಗಂಟೆಗೊಮ್ಮೆ ಮಗ್ಗುಲು ಬದಲಿಸಿ. ಅನ್ನ, ನೀರಿನ ತಟ್ಟೆಯನ್ನು ಇಟ್ಟಿಗೆಯ ಮೇಲಿಟ್ಟು ಎತ್ತರಿಸಿದರೆ ಕುತ್ತಿಗೆ ನೋಯುವುದಿಲ್ಲ.

ಊಟಕ್ಕೆ ಮೆತ್ತಗೆ ಬೇಯಿಸಿದ ಅನ್ನ, ಮೂಳೆ ತೆಗೆದ ಬೇಯಿಸಿದ ಕೋಳಿಮಾಂಸ ಸಾಕು. ಮೂತ್ರಪಿಂಡದ ಕಾಯಿಲೆ ಇದ್ದರೆ ಮಾಂಸ ಎಷ್ಟು ಕೊಡಬೇಕೆಂದು ಪಶುವೈದ್ಯರನ್ನು ಕೇಳಿ. ಉಳಿದ ಬಿರಿಯಾನಿ, ಸಾರು ಹಾಕಬೇಡಿ. ಅದರಲ್ಲಿರುವ ಈರುಳ್ಳಿ, ಬೆಳ್ಳುಳ್ಳಿ ನಾಯಿಯ ರಕ್ತಕಣಗಳನ್ನು ಹಾಳುಮಾಡುತ್ತವೆ. ಒಣದ್ರಾಕ್ಷಿ ಮೂತ್ರಪಿಂಡಕ್ಕೆ ವಿಷ. ಬೇಯಿಸಿದ ಎಲುಬು ಚೂರಾಗಿ ಕರುಳನ್ನು ಸೀಳಬಹುದು.

ಈಗ ಮಾತ್ರೆಯ ವಿಷಯಕ್ಕೆ ಬರುತ್ತೇನೆ. ನಾವು ನೋವಿಗೆ ನುಂಗುವ ಪ್ಯಾರಾಸಿಟಮಾಲ್, ಐಬುಪ್ರೊಫೆನ್, ಡೈಕ್ಲೊಫಿನಾಕ್ ಮಾತ್ರೆಗಳನ್ನು ನಾಯಿಗೆ ನೀವಾಗಿಯೇ ಕೊಡಬೇಡಿ. ಯಕೃತ್ತು, ಹೊಟ್ಟೆ, ಮೂತ್ರಪಿಂಡಗಳಿಗೆ ಹಾನಿಯಾಗುತ್ತದೆ. ಯೂನಾನಿ ಔಷಧಿ ಗಿಡಮೂಲಿಕೆಯದ್ದು, ಏನೂ ಆಗುವುದಿಲ್ಲ ಎಂಬ ನಂಬಿಕೆಯೂ ತಪ್ಪು. ಕೀಲುನೋವಿನ ನಮ್ಮ ಹಬ್ಬೆ ಅಝರಾಖಿಯಲ್ಲಿ ಶುದ್ಧೀಕರಿಸಿದ ಕಾಸರಕದ ಬೀಜವಿದೆ. ಅದರ ಸಾರವಾದ ಸ್ಟ್ರಿಕ್ನಿನ್ ನಾಯಿಗಳನ್ನು ಕೊಲ್ಲಲು ಬಳಕೆಯಾಗುತ್ತಿದ್ದ ವಿಷ. ಸುರಂಜಾನ್ ಸೇರಿದ ಔಷಧಿಗಳೂ ಪ್ರಾಣಿಗಳಿಗೆ ಅಪಾಯಕಾರಿ. ಮನುಷ್ಯನ ಮಿಝಾಜ್ ಮತ್ತು ತೂಕಕ್ಕೆ ಹೊಂದಿಸಿದ ಪ್ರಮಾಣ ನಾಯಿಗೆ ಹೊಂದುವುದಿಲ್ಲ. ಆ ಹಿರಿಯರು ಕೇಳದೆಯೇ ಅರ್ಧ ಮಾತ್ರೆ ಕೊಟ್ಟಿದ್ದರೆ ಏನಾಗುತ್ತಿತ್ತೋ!

ಉಣ್ಣೆ ಸಾಯಲೆಂದು ಬೆಳೆಗೆ ಹೊಡೆಯುವ ಕೀಟನಾಶಕವನ್ನು ನಾಯಿಯ ಮೈಗೆ ಹಚ್ಚುವ ರೂಢಿ ಕೆಲವೆಡೆ ಇದೆ. ಇದನ್ನು ಕೂಡಲೇ ನಿಲ್ಲಿಸಿ. ಅದು ಚರ್ಮದ ಮೂಲಕ ಒಳಹೋಗುತ್ತದೆ, ನೆಕ್ಕಿದರೆ ಹೊಟ್ಟೆಗೂ ಸೇರುತ್ತದೆ. ಮಕ್ಕಳು ಆ ನಾಯಿಯನ್ನು ಮುಟ್ಟಿದರೆ ಅವರಿಗೂ ಅಪಾಯ.

ಮನೆಯವರ ಶುಚಿತ್ವ ಮತ್ತು ಸುರಕ್ಷತೆ

ಕಾಯಿಲೆಯ ನಾಯಿಯ ಆರೈಕೆ ಮಾಡುವವರಿಗೆ ಬೇರೆ ಬಟ್ಟೆ ಇರಲಿ. ಮಲಮೂತ್ರ, ಹುಣ್ಣು ಮುಟ್ಟುವಾಗ ಕೈಗವಸು ಹಾಕಿ. ಕೆಲಸ ಮುಗಿದ ಮೇಲೆ ಸಾಬೂನಿನಿಂದ ಕೈತೊಳೆದು, ಬಟ್ಟೆ ಬದಲಿಸಿ, ವುಝೂ ಮಾಡಿ ನಮಾಝಿಗೆ ನಿಲ್ಲಿ. ನಾಯಿಯ ತಟ್ಟೆ, ಹಾಸಿಗೆ, ಬಕೆಟ್ಟು ಬೇರೆಯಾಗಿ, ಅಡುಗೆಮನೆಯಿಂದ ದೂರ ಇರಲಿ. ನಾಯಿ ಬಾಯಿ ಹಾಕಿದ ಪಾತ್ರೆಯನ್ನು ಏಳು ಸಲ, ಅದರಲ್ಲಿ ಒಮ್ಮೆ ಮಣ್ಣು ಸೇರಿಸಿ ತೊಳೆಯಬೇಕೆಂಬ ಹದೀಸ್ ಎಲ್ಲರಿಗೂ ತಿಳಿದಿದೆ. ಮೈ, ಬಟ್ಟೆಗೆ ತಾಗಿದರೆ ಏನು ಮಾಡಬೇಕೆಂಬುದರಲ್ಲಿ ಶಾಫಿ, ಹನಫಿ ಮದ್‌ಹಬ್‌ಗಳ ನಡುವೆ ವ್ಯತ್ಯಾಸವಿದೆ. ನಿಮ್ಮ ಉಸ್ತಾದರಿಂದ ಕೇಳಿ ತಿಳಿಯಿರಿ. ತೊಳೆಯುವ ನಿಯಮ ಇರುವುದು ಆರೈಕೆ ಮಾಡಿ ಶುದ್ಧರಾಗಲಿಕ್ಕೆ, ಆರೈಕೆಯನ್ನೇ ಬಿಡಲಿಕ್ಕಲ್ಲ.

ಬಹು ಮುಖ್ಯವಾದ ಮಾತು ಹುಚ್ಚುನಾಯಿ ರೋಗದ್ದು. ಇಬ್ನ್ ಸೀನಾ ಸಾವಿರ ವರ್ಷಗಳ ಹಿಂದೆಯೇ ತಮ್ಮ ಅಲ್ ಖಾನೂನ್ ಗ್ರಂಥದಲ್ಲಿ ಈ ರೋಗದ ಬಗ್ಗೆ ಬರೆದಿದ್ದಾರೆ. ಹುಚ್ಚು ಹಿಡಿದ ನಾಯಿ ಯಾವಾಗಲೂ ಓಡಾಡಿ ಕಚ್ಚುತ್ತದೆ ಎಂದಿಲ್ಲ. ಕೆಲವು ಮಂಕಾಗಿ ಮೂಲೆ ಸೇರುತ್ತವೆ, ದವಡೆ ಜೋತುಬಿದ್ದು ಜೊಲ್ಲು ಸುರಿಯುತ್ತದೆ, ದನಿ ಬದಲಾಗುತ್ತದೆ, ನುಂಗಲಾಗುವುದಿಲ್ಲ, ಹಿಂಗಾಲು ಸೋಲುತ್ತದೆ. ಕೆಲವೇ ದಿನಗಳಲ್ಲಿ ಈ ಬದಲಾವಣೆ ಕಂಡರೆ "ವಯಸ್ಸಾಯ್ತು" ಎಂದುಕೊಂಡು ಬಾಯಿಗೆ ಕೈಹಾಕಿ ಔಷಧಿ ನುಂಗಿಸಲು ಹೋಗಬೇಡಿ. ಮಕ್ಕಳನ್ನು ದೂರವಿಟ್ಟು ಪಶುವೈದ್ಯರಿಗೆ ತಿಳಿಸಿ. ಮುದಿ ನಾಯಿಗೂ ವರ್ಷ ವರ್ಷ ಲಸಿಕೆ ಹಾಕಿಸಿ.

ನೋವಿನಲ್ಲಿರುವ ನಾಯಿ ಒಡೆಯನನ್ನೂ ಕಚ್ಚಬಹುದು. ಕಚ್ಚಿದರೆ, ಪರಚಿದರೆ, ಗಾಯದ ಮೇಲೆ ನೆಕ್ಕಿದರೆ ಕೂಡಲೇ ಹರಿಯುವ ನೀರು ಮತ್ತು ಸಾಬೂನಿನಿಂದ 15 ನಿಮಿಷ ತೊಳೆದು ಆಸ್ಪತ್ರೆಗೆ ಹೋಗಿ. ಖಾರದ ಪುಡಿ, ಸುಣ್ಣ, ಎಣ್ಣೆ ಯಾವುದನ್ನೂ ಹಚ್ಚಬೇಡಿ. ಇದಕ್ಕೆ ನನ್ನ ಬಳಿಗೂ ಬರಬೇಡಿ. ರೋಗಲಕ್ಷಣ ಕಾಣಿಸಿಕೊಂಡ ಮೇಲೆ ಯಾವ ಪದ್ಧತಿಯ ವೈದ್ಯರೂ ಉಳಿಸಲು ಆಗುವುದಿಲ್ಲ. ಲಸಿಕೆಯೇ ದಾರಿ, ವೈದ್ಯರು ಹೇಳಿದ ಎಲ್ಲ ದಿನಗಳಲ್ಲೂ ತಪ್ಪದೆ ಹಾಕಿಸಿಕೊಳ್ಳಬೇಕು.

ಬಕ್ರೀದ್ ಸಮಯದಲ್ಲಿ ಇನ್ನೊಂದು ಎಚ್ಚರಿಕೆ. ಖುರ್ಬಾನಿಯ ಪ್ರಾಣಿಯ ಯಕೃತ್ತು, ಶ್ವಾಸಕೋಶಗಳಲ್ಲಿ ಕೆಲವೊಮ್ಮೆ ನೀರು ತುಂಬಿದ ಗುಳ್ಳೆಗಳಿರುತ್ತವೆ. ಅವನ್ನು ಹಸಿಯಾಗಿ ನಾಯಿಗೆ ಎಸೆದರೆ ಅದರ ಕರುಳಿನಲ್ಲಿ ಒಂದು ಬಗೆಯ ಲಾಡಿಹುಳ ಬೆಳೆದು, ಮಲದ ಮೂಲಕ ಮೊಟ್ಟೆಗಳು ಹೊರಬಂದು, ಸೊಪ್ಪು, ನೀರು, ಕೈಗಳ ಮೂಲಕ ಮನುಷ್ಯರ ಹೊಟ್ಟೆ ಸೇರುತ್ತವೆ. ಆಗ ನಮ್ಮ ಯಕೃತ್ತಿನಲ್ಲೂ ಅದೇ ಗುಳ್ಳೆ ಬೆಳೆಯುತ್ತದೆ. ಅಂತಹ ಅಂಗಗಳನ್ನು ಆಳವಾಗಿ ಹೂಳಿ. ನಾಯಿಗೆ ಕಾಲಕಾಲಕ್ಕೆ ಜಂತುಹುಳದ ಔಷಧಿ ಕೊಡಿಸಿ.

ಕೊನೆಯ ನಿರ್ಧಾರ

ಚಳಿಗಾಲ ಬರುವ ಹೊತ್ತಿಗೆ ಶೇರೂನ ಮೂತ್ರಪಿಂಡಗಳು ಸೋತಿದ್ದವು. ವಾಂತಿ, ಬಾಯಿಯಲ್ಲಿ ಹುಣ್ಣು, ಏನೂ ಸೇರದ ಸ್ಥಿತಿ. ನೋಟುಪುಸ್ತಕದಲ್ಲಿ ವಾರವಾರವೂ ಮೊತ್ತ ಇಳಿಯಿತು. ಕೊನೆಯದು ಹೀಗಿತ್ತು: 2, 2, 4, 2, 3, 0, 1. ಒಟ್ಟು 14. ಕ್ಯಾಲೆಂಡರಿನ ಕೊನೆಯ 14 ದಿನಗಳಲ್ಲಿ 12 ತಪ್ಪು ಗುರುತುಗಳಿದ್ದವು. ವಾಸಿಯಾಗುವುದಿಲ್ಲ, ನೋವನ್ನು ತಗ್ಗಿಸುವುದೂ ಕಷ್ಟ, ಬೇಕಿದ್ದರೆ ಚುಚ್ಚುಮದ್ದಿನಿಂದ ಶಾಂತವಾಗಿ ಕೊನೆಗಾಣಿಸಬಹುದು ಎಂದು ಪಶುವೈದ್ಯರು ಹೇಳಿದರು.

ಈ ವಿಷಯದಲ್ಲಿ ಉಲಮಾಗಳ ಅಭಿಪ್ರಾಯ ಒಂದೇ ಅಲ್ಲ. ವಾಸಿಯಾಗುವ ಆಸೆಯಿಲ್ಲದೆ ಯಾತನೆಪಡುವ ಪ್ರಾಣಿಯನ್ನು ನೋವಾಗದಂತೆ ಮುಕ್ತಗೊಳಿಸಬಹುದು ಎನ್ನುವವರಿದ್ದಾರೆ. ಆರೈಕೆ ಮಾಡುತ್ತಾ ಅಲ್ಲಾಹನ ನಿರ್ಧಾರಕ್ಕೆ ಬಿಡಬೇಕು ಎನ್ನುವವರೂ ಇದ್ದಾರೆ. ನಾನು ಮುಫ್ತಿಯಲ್ಲ, ಫತ್ವಾ ಕೊಡುವುದು ನನ್ನ ಕೆಲಸವಲ್ಲ. ನೀವು ನಂಬುವ ಆಲಿಮರ ಬಳಿ ಹೋಗಿ. ಆದರೆ ಹೋಗುವಾಗ ಈ ನೋಟುಪುಸ್ತಕ ಮತ್ತು ಪಶುವೈದ್ಯರ ಮಾತನ್ನು ಜೊತೆಗೆ ಒಯ್ಯಿರಿ. "ನಾಯಿಗೆ ವಯಸ್ಸಾಗಿದೆ, ಕೊಲ್ಲಬಹುದಾ?" ಎಂಬ ಪ್ರಶ್ನೆಗೂ, "ಚಿಕಿತ್ಸೆ ಮಾಡಿಸಿದ್ದೇವೆ, ವಾಸಿಯಾಗದು ಎಂದಿದ್ದಾರೆ, ಎರಡು ವಾರದಿಂದ ಇಂಥ ಯಾತನೆಯಲ್ಲಿದೆ" ಎಂಬ ವಿವರಣೆಗೂ ಬಹಳ ವ್ಯತ್ಯಾಸವಿದೆ.

ಯಾವ ದಾರಿ ಹಿಡಿದರೂ ಕೆಲವು ಸಂಗತಿಗಳು ಸ್ಪಷ್ಟ. ಆರೈಕೆಗೆ ಬೇಸರವಾಯಿತು, ಖರ್ಚಾಗುತ್ತದೆ, ಕೆಲಸಕ್ಕೆ ಬಾರದು ಎಂಬ ಕಾರಣಕ್ಕೆ ಜೀವ ತೆಗೆಯುವುದು ಕರುಣೆಯಲ್ಲ. ವಿಷವಿಕ್ಕುವುದು, ಹೊಡೆಯುವುದು, ನೀರಿಗೆ ಎಸೆಯುವುದು, ಅನ್ನನೀರು ನಿಲ್ಲಿಸುವುದು ಯಾವ ಸ್ಥಿತಿಯಲ್ಲೂ ಸಲ್ಲದು. ತಿನ್ನಲು ಕೊಯ್ಯುವ ಪ್ರಾಣಿಗೂ ಚೂರಿ ಹರಿತ ಮಾಡಿ ನೋವು ಕಡಿಮೆ ಮಾಡಬೇಕೆಂದು ಕಲಿಸಿದ ದೀನ್ ನಮ್ಮದು. ಆ ಕೆಲಸ ಪಶುವೈದ್ಯರದು ಮಾತ್ರ. ಅರಿವಳಿಕೆ ಮದ್ದನ್ನು ಹೆಚ್ಚಿನ ಪ್ರಮಾಣದಲ್ಲಿ ರಕ್ತನಾಳಕ್ಕೆ ಕೊಡುತ್ತಾರೆ, ನಾಯಿ ನಿದ್ರೆಗೆ ಜಾರಿ ಉಸಿರು ನಿಲ್ಲುತ್ತದೆ. ತಾನಾಗಿ ಸಾಯಲಿ ಎಂದು ನಿರ್ಧರಿಸಿದವರು ನೋವು ತಗ್ಗಿಸುವ ಔಷಧಿ, ನೀರು, ಒಣ ಹಾಸಿಗೆ, ಜೊತೆಗಿರುವ ಒಬ್ಬ ಮನುಷ್ಯ ಇಷ್ಟನ್ನು ಕೊನೆಯವರೆಗೂ ಕೊಡಬೇಕು. ಕೊಟ್ಟಿಗೆಯಲ್ಲಿ ಹಾಕಿ ಬಾಗಿಲೆಳೆದುಕೊಳ್ಳುವುದು ಅಲ್ಲಾಹನಿಗೆ ಬಿಟ್ಟಂತೆ ಆಗುವುದಿಲ್ಲ.

ಸತ್ತ ಬಳಿಕ ಬಾವಿ, ಹಳ್ಳದಿಂದ ದೂರ, ಬೇರೆ ಪ್ರಾಣಿಗಳು ಕೆದಕದಷ್ಟು ಆಳದಲ್ಲಿ, ನಾಲ್ಕು ಅಡಿಯಾದರೂ ತೋಡಿ ಹೂಳಿ. ಚುಚ್ಚುಮದ್ದಿನ ಅಂಶ ದೇಹದಲ್ಲಿ ಉಳಿದಿರುವುದರಿಂದ ಇದು ಅಗತ್ಯ. ಹಾಸಿದ ಗೋಣಿ, ಹುಲ್ಲನ್ನು ಸುಟ್ಟುಬಿಡಿ.

ಮಕ್ಕಳಿಗೆ ಸುಳ್ಳು ಹೇಳಬೇಡಿ. "ಓಡಿಹೋಯಿತು" ಎಂದರೆ ಅವರು ತಿಂಗಳುಗಟ್ಟಲೆ ಗೇಟಿನ ಕಡೆ ನೋಡುತ್ತಾರೆ. ಕಾಯಿಲೆಯಾಗಿತ್ತು, ನಾವು ನೋಡಿಕೊಂಡೆವು, ಈಗ ಸತ್ತಿದೆ ಎಂದು ಹೇಳಿ, ಅಳಲು ಬಿಡಿ.

ಆ ಹಿರಿಯರು ತಮ್ಮ ಮಸೀದಿಯ ಉಸ್ತಾದರಲ್ಲಿ ಎಲ್ಲವನ್ನೂ ಹೇಳಿ ಕೇಳಿದ ಮೇಲೆ ಪಶುವೈದ್ಯರನ್ನು ತೋಟಕ್ಕೆ ಕರೆಸಿದರು. ಚುಚ್ಚುಮದ್ದು ಕೊಡುವಾಗ ತಲೆಯ ಮೇಲೆ ಕೈಯಿಟ್ಟು ಕೂತಿದ್ದರಂತೆ. ಎರಡು ವಾರ ಬಿಟ್ಟು ಮಂಡಿನೋವಿಗೆಂದು ನನ್ನಲ್ಲಿಗೆ ಬಂದವರು ಮಂಡಿಯ ಮಾತನ್ನೇ ಎತ್ತಲಿಲ್ಲ. "ನಾನು ತಪ್ಪು ಮಾಡಿದೆನಾ ಹಕೀಮ್ ಸಾಹೇಬ್ರೇ?" ಎಂದು ಕೇಳಿದರು. ನಾನು ಹೇಳಿದ್ದು ಇಷ್ಟೇ: "ಅದು ನಿಮಗೂ ಅಲ್ಲಾಹನಿಗೂ ಬಿಟ್ಟದ್ದು. ನಾನು ಕಂಡದ್ದನ್ನು ಹೇಳಬಲ್ಲೆ. ಮೇ ತಿಂಗಳಲ್ಲಿ ಘಾಟಿಯ ಆಚೆ ಹೋಗಬೇಕಿದ್ದ ನಾಯಿ ಏಳು ತಿಂಗಳು ನಿಮ್ಮ ಜಗಲಿಯ ಬಳಿ ಉಂಡು ಮಲಗಿತು. ಅದರ ಕಷ್ಟವನ್ನು ನೀವು ವಾರವಾರವೂ ಬರೆದು ನೋಡಿದ್ದೀರಿ."

ನಿಮ್ಮ ಹಿತ್ತಿಲಲ್ಲಿ, ತೋಟದಲ್ಲಿ ಅಂಥದ್ದೊಂದು ಮುದಿ ನಾಯಿ ಇದ್ದರೆ ಈ ಜುಮಾದಂದೇ ಒಂದು ಹಾಳೆ ತೆಗೆದು ಏಳು ಸಾಲು ಬರೆಯಿರಿ. ಮೂಕಪ್ರಾಣಿಗಳ ವಿಷಯದಲ್ಲಿ ನಮ್ಮನ್ನು ವಿಚಾರಿಸಲಾಗುವ ದಿನ ಉತ್ತರ ಕೊಡಬಲ್ಲವರಾಗಿ ಅಲ್ಲಾಹನು ನಮ್ಮೆಲ್ಲರನ್ನೂ ಮಾಡಲಿ. ಆಮೀನ್.